ಮೂರನೇ ಮಹಡಿಯ ಮಂಡಿಗಳು

ನಮ್ಮ ಯಜಮಾನರಿಗೆ ಮಂಡಿ ನೋವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಲ್ಲತ್ತಹಳ್ಳಿಯಲ್ಲಿ ಯಾರು ಕೇಳಿದರೂ ಅವರು ಹಾಗೇ ಹೇಳುತ್ತಿದ್ದರು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ "ಅಯ್ಯೋ ಶಿವನೇ" ಎನ್ನುವುದು ಭಕ್ತಿ. ಕುರ್ಚಿಯಿಂದ ಏಳಲು ಮೇಜಿನ ಅಂಚು ಹಿಡಿಯುವುದು ಅಭ್ಯಾಸ. ಮೆಟ್ಟಿಲ ನಡುವೆ ನಿಂತು ಆಕಾಶ ನೋಡುವುದು ಮಳೆ ಬರುತ್ತದೆಯೋ ಇಲ್ಲವೋ ತಿಳಿಯಲಿಕ್ಕೆ. ನೋವು ಮಾತ್ರ ಇಲ್ಲ.

ಯಜಮಾನರ ಹೆಸರು ಚನ್ನವೀರೇಶ್. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಮುಂದೆ ಬಸ್ಕಿ ಹೊಡೆಯದ ಗಂಡಸರು ಈ ಕಡೆಯ ಬಡಾವಣೆಗಳಲ್ಲಿ ಕಡಿಮೆ. ವ್ಯಾಯಾಮ ಮಾಡುವವನಿಗೆ ಮಂಡಿ ನೋವು ಹತ್ತಿರ ಸುಳಿಯುವುದಿಲ್ಲ ಎಂದು ಕೆಲಸದಲ್ಲಿದ್ದಷ್ಟು ಕಾಲವೂ ಪಾಠ ಹೇಳಿದ ಮನುಷ್ಯ, ಈಗ ಯಾವ ಮುಖ ಇಟ್ಟುಕೊಂಡು ಬೀದಿಯಲ್ಲಿ ಮಂಡಿ ಹಿಡಿದುಕೊಂಡಾರು? ನಾನು ವತ್ಸಲಾ, ಅವರ ಹೆಂಡತಿ. ನನಗೆ ಮಂಡಿ ನೋವಿದೆ. ಆದರೆ ಇದು ನನ್ನ ಕಥೆಯಲ್ಲ ಎಂದು ಎಲ್ಲರೂ ತಿಳಿದಿದ್ದರಿಂದ ನಾನೂ ಸ್ವಲ್ಪ ಹೊತ್ತು ಹಾಗೇ ತಿಳಿದುಕೊಳ್ಳುತ್ತೇನೆ.

ನಾವಿದ್ದದ್ದು ಮೂರನೇ ಮಹಡಿಯಲ್ಲಿ. ಕಟ್ಟಡ ನಮ್ಮದೇ. ಮೊದಲು ಕೆಳಮನೆಯೊಂದೇ ಇತ್ತು, ಅದರಲ್ಲಿ ಸುಖವಾಗಿದ್ದೆವು. ಮೇಲೊಂದು ಮನೆ ಎದ್ದಿತು, ಕೆಳಗಿನದನ್ನು ಬಾಡಿಗೆಗೆ ಕೊಟ್ಟು ಮೇಲೆ ಹೋದೆವು. ಅದರ ಮೇಲೆ ಇನ್ನೊಂದು ಎದ್ದಿತು, ಮತ್ತೆ ಹೋದೆವು. ಅದರ ಮೇಲೂ ಒಂದು ಎದ್ದಿತು, ಅಲ್ಲಿಗೂ ಹೋದೆವು. ಪ್ರತಿ ಸಲ ನಾನು "ಇಲ್ಲೇ ಇರೋಣ ಕಣ್ರೀ" ಎಂದಾಗ ಯಜಮಾನರು ಒಂದೇ ಉತ್ತರ ಕೊಡುತ್ತಿದ್ದರು.

"ಓನರ್ ತಲೆ ಮೇಲೆ ಬಾಡಿಗೆಯವರು ಓಡಾಡೋದು ಅಂದ್ರೆ ಏನು ವತ್ಸಲಾ? ಒಂದು ಮರ್ಯಾದೆ ಬೇಡ್ವಾ?"

ಲಿಫ್ಟ್ ಹಾಕಿಸೋಣ ಎಂದರೆ, ಡ್ರಿಲ್ ಮೇಷ್ಟ್ರ ಮನೆಗೆ ಲಿಫ್ಟ್ ಹಾಕಿಸಿದರೆ ಜನ ನಗುತ್ತಾರೆ ಎನ್ನುತ್ತಿದ್ದರು. ಹೀಗೆ ಮರ್ಯಾದೆ ಮೇಲೆ ಮೇಲೆ ಹೋಯಿತು. ಅದರ ಹಿಂದೆ ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ನಾನು, ಎಲ್ಲರೂ ಹತ್ತಿದೆವು.

ವಿಷಯ ಹೊರಬಿದ್ದದ್ದು ಕೆಂಗೇರಿಯ ಒಂದು ಗೃಹಪ್ರವೇಶದಲ್ಲಿ. ಊಟ ನೆಲದ ಪಂಕ್ತಿಯಲ್ಲಿ. ನನ್ನಂಥವರಿಗೆ ಪಕ್ಕದಲ್ಲಿ ಮೇಜು ಕುರ್ಚಿ ಹಾಕಿದ್ದರು. ಯಜಮಾನರು ಆ ಕಡೆ ಕಣ್ಣೆತ್ತಿಯೂ ನೋಡದೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಊಟ ಮುಗಿಯಿತು, ಎಲ್ಲರೂ ಎದ್ದರು, ಇವರು ಏಳಲಿಲ್ಲ. ಎಲೆ ಎತ್ತುವವರು ಬಂದು ನಿಂತರೆ, "ಅಡುಗೆ ಬಹಳ ಚೆನ್ನಾಗಿದೆ, ಇನ್ನೊಂದು ಎಲೆ ಹಾಕಿ" ಎಂದರು. ಎರಡನೇ ಪಂಕ್ತಿಯಲ್ಲಿ ಪಾಯಸದಿಂದ ಮಜ್ಜಿಗೆಯವರೆಗೆ ಇನ್ನೊಮ್ಮೆ ಉಂಡರು. ಮೂರನೇ ಪಂಕ್ತಿಗೆ ಜನ ಬಂದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಡುಗೆ ಭಟ್ಟರೂ ನಾನೂ ಸೇರಿ ಅವರನ್ನು ಎತ್ತಿ ನಿಲ್ಲಿಸಿದೆವು. "ಹೊಟ್ಟೆ ಭಾರ ಆಯ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಮಾತು ಮಾತ್ರ ನಿಜವಾಗಿತ್ತು.

ಮಾರನೆಯ ದಿನ ನಾಗರಭಾವಿಯ ಮೂಳೆ ಡಾಕ್ಟರು ರಮ್ಯಶ್ರೀ ಅವರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿಯೂ ಹೊಟ್ಟೆಯ ವಿಷಯವೇ ಶುರು ಮಾಡಿದರು. ನಾನು "ಮಂಡಿ" ಎಂದೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿನ ಹಲಗೆಗೆ ಸಿಕ್ಕಿಸಿ, ಶಾಂತವಾಗಿ ವಿವರಿಸಿದರು.

"ನೋಡಿ ಅಂಕಲ್, ಎರಡು ಮೂಳೆ ಸೇರೋ ಕಡೆ ನುಣ್ಣಗೆ ಒಂದು ಮೆತ್ತೆ ಥರ ಇರುತ್ತೆ. ಅದು ಎಕ್ಸ್‌ರೇಲಿ ಕಾಣಲ್ಲ, ಖಾಲಿ ಜಾಗ ಇದ್ದ ಹಾಗೆ ಕಾಣುತ್ತೆ. ಮೆತ್ತೆ ಸವೀತಾ ಬಂದ್ರೆ ಆ ಜಾಗ ಕಿರಿದಾಗ್ತಾ ಬರುತ್ತೆ, ಮೂಳೆಗೆ ಮೂಳೆ ಹತ್ರ ಬರುತ್ತೆ. ನಿಮ್ದು ಒಳಗಿನ ಸೈಡ್ ನೋಡಿ, ಗ್ಯಾಪ್ ಎಷ್ಟು ಕಮ್ಮಿ ಆಗಿದೆ."

ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ಮುಖದಲ್ಲಿ ಸಮಾಧಾನ ಮೂಡಿತು. ಮಕ್ಕಳ ಸಾಲಿನಲ್ಲಿ ಗ್ಯಾಪ್ ಬಿಡಬೇಡಿ ಎಂದು ಜೀವಮಾನವೆಲ್ಲ ಸೀಟಿ ಊದಿದವರು ಅವರು.

"ಗ್ಯಾಪ್ ಕಮ್ಮಿ ಆಗಿದ್ರೆ ಒಳ್ಳೇದೇ ಅಲ್ವೇನಮ್ಮಾ? ಬಿಗಿಯಾಗಿದೆ ಅಂತ ತಾನೇ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆ ಕಡೆ ನೋಡಿದೆ.

"ಮಂಡೀಲಿ ಗ್ಯಾಪ್ ಇರಬೇಕು ಅಂಕಲ್. ಸವೆದಿದ್ದು ವಾಪಸ್ ಬೆಳೆಯಲ್ಲ. ಇರೋದನ್ನ ಜೋಪಾನ ಮಾಡ್ಕೋಬೇಕು. ಸ್ವಲ್ಪ ತೂಕ ಇಳಿಸಿ, ತೊಡೆ ಗಟ್ಟಿ ಆಗೋ ಹಾಗೆ ಕೂತ್ಕೊಂಡು ಮಾಡೋ ವ್ಯಾಯಾಮ ಹೇಳ್ಕೊಡ್ತೀನಿ. ನೆಲದ ಮೇಲೆ ಕೂರಬೇಡಿ. ಮೆಟ್ಟಿಲು ಆದಷ್ಟು ಕಮ್ಮಿ. ಮನೆ ಎಷ್ಟನೇ ಮಹಡಿ?"

"ಮೂರು" ಎಂದೆ ನಾನು.

"ಸಾಧ್ಯ ಆದ್ರೆ ಗ್ರೌಂಡ್ ಫ್ಲೋರ್‌ಗೆ ಬಂದ್ಬಿಡಿ."

ಆ ಹುಡುಗಿಗೆ ನಾನು ಮನಸ್ಸಿನಲ್ಲೇ ಕೈಮುಗಿದು ಎದ್ದೆ. ಏಳುವಾಗ ಕುರ್ಚಿಯ ಕೈ ಹಿಡಿದದ್ದನ್ನು ಅವರು ನೋಡಿಬಿಟ್ಟರು. "ಆಂಟಿ, ನಿಮ್ದೂ ಒಂದು ತೆಗೆಸಿ" ಎಂದರು. ತೆಗೆಸಿದೆ. ಫಿಲ್ಮ್ ಬರುವ ಹೊತ್ತಿಗೆ ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳಿಗೆ ಬೆನ್ನು ನೆಟ್ಟಗೆ ಇಟ್ಟು ಕೂರಲು ಹೇಳಿಕೊಡುತ್ತಿದ್ದರು. ಡಾಕ್ಟರು ನನ್ನದನ್ನು ನೋಡಿ, "ಅಂಕಲ್‌ಗಿಂತ ನಿಮ್ದೇ ಜಾಸ್ತಿ ಸವೆದಿದೆ ಆಂಟಿ. ಹೇಗೆ ಹತ್ತಿ ಇಳೀತಾ ಇದೀರಾ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನನಗೆ ಅಷ್ಟು ಮೃದುವಾಗಿ ಯಾರೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ.

ಆಟೋದಲ್ಲಿ ಯಜಮಾನರಿಗೆ ಹೇಳಿದೆ. "ನಂದೇ ಜಾಸ್ತಿಯಂತೆ ಕಣ್ರೀ." ಅವರು ಆಟೋದವನಿಗೆ ಹಾರ್ನ್ ಹೊಡೆಯುವ ಶಿಸ್ತಿನ ಬಗ್ಗೆ ಹೇಳುತ್ತಿದ್ದರು. ಮನೆಗೆ ಬಂದು ಇನ್ನೊಂದು ಸಲ ಹೇಳಿದೆ. "ಹೂಂ, ಎಲ್ರಿಗೂ ಇರುತ್ತೆ" ಎಂದು ಟಿ.ವಿ. ಹಾಕಿದರು. ಎರಡೂ ಎಕ್ಸ್‌ರೇಗಳನ್ನು ಒಂದೇ ಕವರಿನಲ್ಲಿ ಹಾಕಿ ಬೀರು ಮೇಲೆ ಇಟ್ಟೆ.

ಮಾರನೆಯ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಹೊರಟ ಯಜಮಾನರು ಮೊದಲ ಮೆಟ್ಟಿಲಲ್ಲೇ "ಶಿವನೇ" ಎಂದು ನಿಂತರು. ಆಮೇಲೆ ಏನು ಹೊಳೆಯಿತೋ, ಕಂಬಿ ಹಿಡಿದು, ಮುಖ ಮೇಲಕ್ಕೆ ಮಾಡಿ, ಏಣಿ ಇಳಿಯುವವರ ಹಾಗೆ ಹಿಂದಕ್ಕೆ ಒಂದೊಂದೇ ಕಾಲು ಇಟ್ಟರು. ನೋವಾಗಲಿಲ್ಲ. ಅವರ ಮುಖ ಅರಳಿತು. ನಾನು ಮೇಲಿನಿಂದ ನೋಡುತ್ತ ನಿಂತಿದ್ದೆ, ಅವರು ನನ್ನನ್ನೇ ನೋಡುತ್ತ ಇಳಿದು ಹೋದರು. ಮದುವೆಯಾದ ಹೊಸದರಲ್ಲಿಯೂ ಅಷ್ಟು ಹೊತ್ತು ನನ್ನ ಮುಖ ನೋಡಿದವರಲ್ಲ.

ಎದುರು ಮನೆಯ ಬಾಲ್ಕನಿಯಲ್ಲಿ ನೀಲಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನೀಲಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆ ಜೋಡಿಸದೆ ಅವರಿಗೆ ನಿದ್ದೆ ಬರುವುದಿಲ್ಲ.

"ಇದೇನ್ ಮೇಷ್ಟ್ರೇ, ಉಲ್ಟಾ ಇಳೀತಾ ಇದೀರಾ? ಮಂಡಿ ಗಿಂಡಿ ನೋವಾ?"

ಇಲ್ಲಿ ಯಜಮಾನರು "ಹೌದು" ಎಂದಿದ್ದರೆ ಎಲ್ಲರಿಗೂ ಎಷ್ಟೋ ಆಯಾಸ ತಪ್ಪುತ್ತಿತ್ತು. ಅವರು ಎದೆ ಉಬ್ಬಿಸಿ ನಿಂತರು.

"ಮಂಡಿ ನೋವಾ? ನಂಗಾ? ಇದು ವ್ಯಾಯಾಮ ಕಣಮ್ಮಾ. ಹಿಮ್ಮುಖ ಅವರೋಹಣ ಅಂತ. ಸೈನ್ಯದಲ್ಲೆಲ್ಲ ಮಾಡಿಸ್ತಾರೆ."

ಯಾವ ದೇಶದ ಸೈನ್ಯ ಎಂದು ನೀಲಮ್ಮ ಕೇಳಲಿಲ್ಲ. ಮುಖ ಹಿಂದಕ್ಕೆ ಮಾಡಿ ಇಳಿಯುವ ಸೈನ್ಯ ಯುದ್ಧ ಗೆದ್ದಿರಲಾರದು ಎಂದು ನನಗನ್ನಿಸಿತು. ಸಂಜೆಯೊಳಗೆ ವಿಷಯ ಬೀದಿಯ ಆ ತುದಿಗೆ ಹೋಗಿ, ಸ್ವಲ್ಪ ಬೆಳೆದು ವಾಪಸ್ ಬಂತು. ಜಪಾನಿನಲ್ಲಿ ನೂರು ವರ್ಷ ಬದುಕುವವರೆಲ್ಲ ಮೆಟ್ಟಿಲನ್ನು ಹೀಗೇ ಇಳಿಯುತ್ತಾರಂತೆ, ಮೇಷ್ಟ್ರು ಓದಿದ್ದಾರಂತೆ ಎಂದು ಹಾಲಿನ ಅಂಗಡಿಯಲ್ಲಿ ನನಗೇ ಹೇಳಿದರು.

ಭಾನುವಾರದ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ತರಗತಿ ಶುರುವಾಯಿತು. ಬೀದಿಯಲ್ಲಿ ಎತ್ತರದ ಮೆಟ್ಟಿಲು, ಗಟ್ಟಿ ಕಂಬಿ ಇರುವುದು ನಮ್ಮ ಮನೆಗೇ ಆದ್ದರಿಂದ ಬೇರೆ ಜಾಗದ ಮಾತು ಬರಲಿಲ್ಲ. ನೀಲಮ್ಮ ಬಂದರು. ಅವರ ಹಿಂದೆ ಬೀದಿಯ ಇನ್ನೊಂದಷ್ಟು ಹಿರಿಯರು ಬಂದರು. ಎಲ್ಲರಿಗಿಂತ ದೊಡ್ಡವರಾಗಿ ದೊಡ್ಡಹನುಮಯ್ಯ ಬಂದರು. ಈ ಬಡಾವಣೆ ಹೊಲವಾಗಿದ್ದಾಗ ಅದರಲ್ಲಿ ರಾಗಿ ಬೆಳೆದವರು. ಈಗ ನಾಲ್ಕು ಬಿಲ್ಡಿಂಗುಗಳ ಒಡೆಯರು. ನಾಲ್ಕರ ಕೆಳಗೂ ಅಂಗಡಿ, ಬೇಕರಿ, ದರ್ಶಿನಿ, ಮೆಡಿಕಲ್ ಸ್ಟೋರು. ಅವರೂ ಅವರ ಹೆಂಡತಿ ಮುನಿಲಕ್ಷ್ಮಮ್ಮನೂ ಇರುವುದು ಬೇಕರಿಯ ಮೇಲಿನ ನಾಲ್ಕನೇ ಮಹಡಿಯಲ್ಲಿ.

ತರಗತಿಯಲ್ಲಿ ನನಗೊಂದು ವಿಚಿತ್ರ ಕಾಣಿಸಿತು. ಹತ್ತುವಾಗ ಎಲ್ಲರ ಮುಖವೂ ಸಾವಿನ ಮನೆಗೆ ಹೋಗುವವರ ಮುಖದಂತಿರುತ್ತಿತ್ತು. ಹಿಂದಕ್ಕೆ ಇಳಿಯುವಾಗ ಮಾತ್ರ ಒಬ್ಬೊಬ್ಬರೂ ನಗುತ್ತಿದ್ದರು.

"ಏನ್ ಹಗೂರ ಆಯ್ತದೆ ಮೇಷ್ಟ್ರೇ, ಮಂಡಿ ಐತೋ ಇಲ್ವೋ ಅಂತಾನೇ ಗೊತ್ತಾಗಕಿಲ್ಲ" ಎಂದರು ದೊಡ್ಡಹನುಮಯ್ಯ.

ಮಂಡಿ ಇರುವುದು ನಿಮಗೆ ಉಳಿದ ಹೊತ್ತಿನಲ್ಲಿ ಯಾಕೆ ಗೊತ್ತಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಯಜಮಾನರು ಸೀಟಿ ಊದಿದರು. "ಎಡಗಾಲು ಹಿಂದೆ. ಕಂಬಿ ಬಿಡಬೇಡಿ. ಸಾಲಲ್ಲಿ ಗ್ಯಾಪ್ ಬಿಡಬೇಡಿ."

ವ್ಯಾಯಾಮ ಮುಗಿಯುವುದು ಕೆಳಗೆ. ಅಡುಗೆಮನೆ ಇದ್ದದ್ದು ಮೇಲೆ. ಮುಗಿದ ಮೇಲೆ ಎಲ್ಲರಿಗೂ ಕಾಫಿ ಕೊಡದಿದ್ದರೆ ಮೇಷ್ಟ್ರ ಮರ್ಯಾದೆಯ ಗತಿ ಏನು? ನಾನು ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಲೋಟದ ಚೀಲ ಹಿಡಿದು, ಸೊಂಟವನ್ನು ಗೋಡೆಗೆ ಒರಗಿಸಿ ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ನಾನು ಹಾಗೆ ಇಳಿಯಲು ಶುರುಮಾಡಿ ವರ್ಷಗಳಾಗಿದ್ದವು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ, ಅದಕ್ಕೊಂದು ಹೆಸರನ್ನೂ ಇಡಲಿಲ್ಲ. ಕಾಫಿ ಕುಡಿದು "ವತ್ಸಲಮ್ಮನ ಕೈ ಕಾಫಿ ಅಂದ್ರೆ ಕಾಫಿ" ಎಂದು ಹೊಗಳಿ ಹೋಗುತ್ತಿದ್ದರು. ನಾನು ಲೋಟಗಳನ್ನು ಹೊತ್ತು ಮತ್ತೆ ಹತ್ತುತ್ತಿದ್ದೆ.

ಆ ವಾರವೇ ನನ್ನ ಪುಣ್ಯಕ್ಕೆ ಕೆಳಮನೆ ಖಾಲಿಯಾಯಿತು. ಅಲ್ಲಿದ್ದ ಅನಿಕೇತ್, ಸ್ಮೃತಿ ಎಂಬ ಗಂಡ ಹೆಂಡತಿ ಮೆಟ್ರೋ ಹತ್ತಿರವಾಗಲಿ ಎಂದು ಕೆಂಗೇರಿಗೆ ಹೊರಟರು. ಎರಡು ಕೋಣೆ, ಗಾಳಿ ಬೆಳಕಿರುವ ಅಡುಗೆಮನೆ, ಕೂರುವ ಕಮೋಡು, ಬಾಗಿಲಿಗೆ ಮೂರೇ ಮೆಟ್ಟಿಲು. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಆವತ್ತು ಯಜಮಾನರ ಮಂಡಿಗೆ ಬಿಸಿನೀರಿನ ಚೀಲ ಇಡುತ್ತ ಮಾತು ತೆಗೆದೆ.

"ರೀ, ಕೆಳಗಡೆ ಬೇರೆ ಯಾರಿಗೂ ಕೊಡೋದು ಬೇಡ. ನಾವೇ ಹೋಗೋಣ."

"ಈಗಲಾ? ಮೆಟ್ಟಿಲು ಇಳಿಯೋದು ಹೇಳ್ಕೊಡೋ ಮನುಷ್ಯ ಗ್ರೌಂಡ್ ಫ್ಲೋರಲ್ಲಿ ಕೂತ್ರೆ ಜನ ಏನಂತಾರೆ?"

"ಡಾಕ್ಟರು ಹೇಳಿದ್ರಲ್ಲ."

"ಡಾಕ್ಟರು ನೋವಿರೋರಿಗೆ ಹೇಳಿದ್ದು."

"ನಂಗಿದೆ."

"ನಿಂಗೆ ರೂಢಿ ಇದೆ ಬಿಡು ವತ್ಸಲಾ" ಎಂದು ಅವರು ಇನ್ನೊಂದು ಮಂಡಿಯನ್ನು ಮುಂದಕ್ಕೆ ಚಾಚಿದರು. ನನಗೆ ನಿಜವಾಗಿಯೂ ಕೋಪ ಬಂತು. ಬಿಸಿನೀರಿನ ಚೀಲವನ್ನು ಅವರ ತಲೆಯ ಮೇಲೆ ಇಡಬೇಕೆನ್ನಿಸಿತು. ಮಂಡಿಯ ಮೇಲೆಯೇ ಇಟ್ಟೆ.

ಮೂರನೇ ದಿನ ವಾರ್ಡ್ ಕಚೇರಿಯ ಹೆಲ್ತ್ ಇನ್‌ಸ್ಪೆಕ್ಟರ್ ಮೋಹನ್ ಕುಮಾರ್ ಬಂದರು. ತಲೆ ನರೆತಿದ್ದರೂ ಯಜಮಾನರ ಹಳೇ ಶಿಷ್ಯ. ಮೂರು ಮಹಡಿ ಹತ್ತಿ ಬಂದವರು ಕೂರದೆ, ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಸಾರ್, ನಿಮ್ ಕಾರ್ಯಕ್ರಮ ನಮ್ ವಾರ್ಡಿಗೇ ಮಾದರಿ ಸಾರ್. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಇಲ್ಲೇ ಒಂದು ಪ್ರಾತ್ಯಕ್ಷಿಕೆ ಇಟ್ಕೊಳೋಣ. ವಿಡಿಯೋ ಮಾಡಿ ಎಲ್ಲಾ ವಾರ್ಡಿಗೂ ಕಳಿಸ್ತೀನಿ ಸಾರ್."

"ಶಿಸ್ತು ಇನ್ನೂ ಹಾಗೇ ಇದೆ ನೋಡು ಇವನಿಗೆ" ಎಂದು ಯಜಮಾನರು ನನಗೆ ತೋರಿಸಿದರು.

"ನೀವು ಹೊಡೆಸಿದ ಬಸ್ಕಿ ಇವತ್ತಿಗೂ ನೆನಪಿದೆ ಸಾರ್" ಎಂದ ಮೋಹನ್ ಕುಮಾರ್ ಒಂದು ಕೈ ಬಿಚ್ಚಿ ಎಡಮಂಡಿಯನ್ನು ಮೆಲ್ಲಗೆ ಉಜ್ಜಿಕೊಂಡರು. ಯಜಮಾನರು ಅದನ್ನು ಗುರುಭಕ್ತಿ ಎಂದುಕೊಂಡರು.

ಅಂದು ಸಂಜೆಯೇ ದೊಡ್ಡಹನುಮಯ್ಯ ಬಂದು ಕೆಳಮನೆಯನ್ನು ಕೇಳಿದರು. ಬೇರೆ ಯಾರಿಗೋ ಅಲ್ಲ, ತಮಗೇ.

"ನಾಲ್ಕು ಬಿಲ್ಡಿಂಗ್ ಇಟ್ಕೊಂಡು ನಮ್ಮನೆಗೆ ಬಾಡಿಗೆಗಾ?" ಎಂದು ಯಜಮಾನರು ಎದ್ದು ನಿಲ್ಲಲು ಹೋಗಿ, ಆಗದೆ, ಕೂತೇ ಆಶ್ಚರ್ಯಪಟ್ಟರು.

"ನಮ್ ಮುನಿಲಕ್ಷ್ಮಮ್ಮಂಗೆ ಈ ಬೀದಿ ಗಾಳಿ ಒಗ್ಗುತ್ತೆ ಮೇಷ್ಟ್ರೇ."

ಅವರ ಮನೆ ಇರುವುದು ಎರಡು ಬೀದಿ ಆಚೆ. ಎರಡು ಬೀದಿಯಲ್ಲಿ ಗಾಳಿ ಅಷ್ಟೊಂದು ಬದಲಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಯಜಮಾನರಿಗೆ ಗಾಳಿಯ ಯೋಚನೆ ಬರಲಿಲ್ಲ. ದೊಡ್ಡಹನುಮಯ್ಯನಂಥವರು ತಮ್ಮ ಬಾಡಿಗೆದಾರರು, ಅದೂ ತಾವು ಅವರ ತಲೆ ಮೇಲೆ ಓಡಾಡುವುದು ಎಂಬ ಯೋಚನೆಯಲ್ಲಿ ಅವರ ಕಣ್ಣು ಮುಚ್ಚಿಹೋಗಿತ್ತು. "ಆಯ್ತು" ಎಂದರು. ಶುಕ್ರವಾರ ರಾಹುಕಾಲಕ್ಕೆ ಮುಂಚೆ, ಒಂಬತ್ತರ ಸುಮಾರಿಗೆ, ಮುನಿಲಕ್ಷ್ಮಮ್ಮ ಬಂದು ಹಾಲುಕ್ಕಿಸುವುದೆಂದು ತೀರ್ಮಾನವಾಯಿತು. ಅವರು ಕೈಕೈ ಹಿಡಿದುಕೊಂಡು ಮಾತು ಮುಗಿಸುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಮನೆ ಹೋದರೆ ಇನ್ನು ನಾನು ಮಲಗಿಕೊಂಡೇ ಕೆಳಗಿಳಿಯಬೇಕು ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಯಜಮಾನರೊಡನೆ ವಾದ ಮಾಡಲಿಲ್ಲ. ವಾದ ಮಾಡಲು ಅವರ ಜೊತೆ ಮಹಡಿ ಮಹಡಿ ಹತ್ತಿದ ಕಾಲದಿಂದ ಪ್ರಯತ್ನಿಸಿ ಸುಸ್ತಾಗಿದ್ದೆ. ಆದರೆ ಹಾಲಿನ ವಿಷಯ ನನಗೆ ಗೊತ್ತಿತ್ತು. ಸ್ವಂತದ್ದಾಗಲಿ, ಬಾಡಿಗೆಯದಾಗಲಿ, ಮನೆಯೊಳಗೆ ಮೊದಲು ಹಾಲುಕ್ಕಿಸಿದವರದೇ ಆ ಮನೆ. ಉಕ್ಕಿದ ಮೇಲೆ ಅವರನ್ನು ಎಬ್ಬಿಸುವ ಧೈರ್ಯ ಯಾವ ಓನರಿಗೂ ಇರುವುದಿಲ್ಲ, ಓನರ್ ಗಂಡನೇ ಆಗಿದ್ದರೂ.

ಶುಕ್ರವಾರ ಎಂಟು ಗಂಟೆಗೆ ಗೇಟಿಗೆ ಬ್ಯಾನರ್ ಕಟ್ಟಿದ್ದರು. "ಹಿಮ್ಮುಖ ಅವರೋಹಣ: ಆರೋಗ್ಯದ ಕಡೆಗೆ ಹಿಂದಕ್ಕೆ" ಎಂದು ಬರೆದಿತ್ತು. ಎಲ್ಲರೂ ಏದುಸಿರು ಬಿಡುತ್ತ ತಾರಸಿಗೆ ಹತ್ತಿದರು. ಸುಧಾರಿಸಿಕೊಳ್ಳಲು ಸಮಯ ಬೇಕಾದ್ದರಿಂದ ಯಜಮಾನರು ಅಲ್ಲಿ ಒಂದು ಭಾಷಣ ಶುರುಮಾಡಿದರು. ಅವರ ಭಾಷಣದ ಉದ್ದ ನನಗೆ ಗೊತ್ತು. ನಾನು ಒಂದು ಚೀಲಕ್ಕೆ ಇಂಡಕ್ಷನ್ ಒಲೆ, ಹಾಲು, ಪಾತ್ರೆ, ಸಕ್ಕರೆ, ಲೋಟಗಳು, ಅರಿಶಿನ ಕುಂಕುಮ ಹಾಕಿಕೊಂಡೆ. ಜಗಳ ಬಂದರೆ ತೋರಿಸಲು ಇರಲಿ ಎಂದು ಎಕ್ಸ್‌ರೇ ಕವರನ್ನೂ ಇಟ್ಟುಕೊಂಡೆ. ಗೋಡೆಗೆ ಒರಗಿ ಒರಗಿ ಇಳಿದೆ. ಇದು ಕೊನೆಯ ಸಲ ಎಂದುಕೊಂಡರೆ ಅಷ್ಟೊಂದು ನೋವಾಗಲಿಲ್ಲ.

ಅನಿಕೇತ್ ಬಿಟ್ಟುಹೋದ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಒಲೆ ಹಚ್ಚಿ, ಕೂತು ಕಾದೆ. ಹಾಲು ಉಕ್ಕಿ ಪೂರ್ವಕ್ಕೆ ಹರಿಯಿತು. ಕೈಮುಗಿದು ಕಣ್ಣು ಬಿಟ್ಟರೆ ಬಾಗಿಲಲ್ಲಿ ಮುನಿಲಕ್ಷ್ಮಮ್ಮ, ಕೈಯಲ್ಲಿ ಹಿತ್ತಾಳೆ ಪಾತ್ರೆ.

"ಉಕ್ಕಿಬಿಡ್ತೇನವ್ವಾ?" ಎಂದರು.

"ಉಕ್ತಮ್ಮ. ನಾವೇ ಇರ್ತೀವಿ. ಮಂಡಿ ತೀರ ಹೋಗಿದೆ ನಂದು."

ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಅವರು ಪಾತ್ರೆ ಕೆಳಗಿಟ್ಟು, ಬಾಗಿಲ ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು. "ಉಕ್ಕಿದ ಮನೆ ಕೇಳಬಾರ್ದು. ಬಿಡವ್ವ, ಒಳ್ಳೇದೇ ಆಯ್ತು. ಗಾಳಿಯಂತೆ ಗಾಳಿ. ನಮ್ಮೋರ್ದು ಎರಡು ಮಂಡೀನೂ ಹೋಗಿ ವರ್ಷ ಆಯ್ತು. ಹೇಳ್ಕಳಕ್ಕೆ ನಾಚ್ಕೆ."

ಅಷ್ಟರಲ್ಲಿ ಮೇಲಿನಿಂದ ಸೀಟಿ ಕೇಳಿಸಿತು. ಮೊದಲು ಯಜಮಾನರ ಬೆನ್ನು ಕಾಣಿಸಿಕೊಂಡಿತು, ಅದರ ಹಿಂದೆ ದೊಡ್ಡಹನುಮಯ್ಯನ ಅಗಲ ಬೆನ್ನು, ಆಮೇಲೆ ನೀಲಮ್ಮನದು, ಉಳಿದವರದು. ಮೋಹನ್ ಕುಮಾರ್ ಪಕ್ಕದಲ್ಲಿ ಮೊಬೈಲ್ ಹಿಡಿದು ತಾವೂ ಹಿಂದಕ್ಕೇ ಇಳಿಯುತ್ತಿದ್ದರು. ಯಜಮಾನರು ಕೊನೆಯ ಮೆಟ್ಟಿಲು ಮುಟ್ಟಿ, ಕೈ ಮೇಲೆತ್ತಿ, ತಿರುಗಿದರು. ತೆರೆದ ಬಾಗಿಲು, ಹೊಸ್ತಿಲ ಕುಂಕುಮ, ಒಳಗೆ ಕುರ್ಚಿಯಲ್ಲಿ ನಾನು.

"ವತ್ಸಲಾ, ಏನಿದು?"

"ಹಾಲುಕ್ಕಿಸಿದೆ."

"ದೊಡ್ಡಹನುಮಯ್ಯನವರ ಪರವಾಗಿಯಾ?"

"ನಮ್ಮ ಪರವಾಗಿ."

"ಮಾತು ಕೊಟ್ಟಿದೀನಲ್ಲೇ" ಎಂದು ಅವರು ದೊಡ್ಡಹನುಮಯ್ಯನ ಕಡೆ ತಿರುಗಿದರು. ದೊಡ್ಡಹನುಮಯ್ಯ ಉಕ್ಕಿದ ಹಾಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಕೊನೆಯ ಮೆಟ್ಟಿಲ ಮೇಲೆ ದೊಪ್ಪನೆ ಕೂತುಬಿಟ್ಟರು.

"ನಾಲ್ಕು ಬಿಲ್ಡಿಂಗ್ ಐತೆ ಮೇಷ್ಟ್ರೇ. ಕೆಳಗಡೆ ಇರಕ್ಕೆ ನಂಗೊಂದು ರೂಮಿಲ್ಲ. ಎಲ್ಲಾ ಅಂಗಡಿಗೆ ಕೊಟ್ಬಿಟ್ಟಿವ್ನಿ. ಮಂಡಿ ಹೋಯ್ತು ಅಂತ ನಿಮ್ಗೆ ಹೆಂಗ್ ಹೇಳ್ಲಿ? ಅದ್ಕೇ ಗಾಳಿ ಅಂದೆ."

"ಬೇಕರಿಯವನ್ನ ನಾಲ್ಕನೇ ಮಹಡಿಗೆ ಹತ್ತಿಸಿ" ಎಂದರು ನೀಲಮ್ಮ.

"ಒಂದು ಬನ್ ತಿನ್ನಕ್ಕೆ ಅಷ್ಟು ಯಾರಮ್ಮಾ ಹತ್ತುತಾರೆ?"

"ನಾವು ಬರೀ ಕಾಫಿಗೆ ಇಷ್ಟು ಹತ್ತಿಲ್ವಾ?" ಎಂದರು ನೀಲಮ್ಮ. ಆಮೇಲೆ ಸಣ್ಣ ದನಿಯಲ್ಲಿ, "ನಂದೂ ಎಕ್ಸ್‌ರೇ ಬೀರು ಮೇಲಿದೆ. ಹಿಂದಕ್ಕೆ ಇಳಿದ್ರೆ ನೋಯಲ್ಲ, ಅದಕ್ಕೇ ಬರ್ತಿದ್ದೆ" ಎಂದರು. ಬೀದಿಯ ಉಳಿದ ಹಿರಿಯರೂ ಒಬ್ಬರ ಹಿಂದೆ ಒಬ್ಬರು ತಲೆ ಆಡಿಸಿದರು. ಮೋಹನ್ ಕುಮಾರ್ ಮೊಬೈಲನ್ನು ಜೇಬಿಗಿಟ್ಟು ಕೈ ಹಿಂದೆ ಕಟ್ಟಿಕೊಂಡರು.

"ನಂದು ಎಡಗಡೇದು ಸಾರ್."

ಎಲ್ಲರೂ ಯಜಮಾನರ ಮುಖ ನೋಡಿದರು. ಅವರು ಬಾಯಿ ತೆರೆದರು. ವ್ಯಾಯಾಮ ಮಾಡುವವನಿಗೆ ಎಂದು ಶುರುವಾಗುವ ಆ ಹಳೆಯ ಮಾತು ತುಟಿಯವರೆಗೂ ಬಂದದ್ದು ನನಗೆ ಕಾಣಿಸಿತು. ಆದರೆ ಬಂದದ್ದು ಬೇರೆ.

"ನಂದೂ ಸವೆದುಹೋಗಿದೆ ಕಣ್ರಪ್ಪಾ" ಎಂದು ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಸೀಟಿ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಆ ಕ್ಷಣ ನನಗೆ ಅವರ ಮೇಲಿದ್ದ ಕೋಪ ಹೋಗಿ ಕನಿಕರವಾಯಿತು.

ಆದರೆ ನಮ್ಮ ಯಜಮಾನರು ಸೋಲುವುದರಲ್ಲಿಯೂ ಹಿಂದೆ ಬೀಳುವವರಲ್ಲ. ನೋವು ಒಪ್ಪಿಕೊಂಡ ಮೇಲೆ ತಮ್ಮದೇ ಎಲ್ಲರಿಗಿಂತ ದೊಡ್ಡ ನೋವಾಗಬೇಕು. ಚೀಲದಲ್ಲಿದ್ದ ಕವರ್ ಕಂಡು, ಎರಡು ಫಿಲ್ಮುಗಳನ್ನೂ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಮೇಲಿನ ಮನೆಯಲ್ಲೇ ಉಳಿದಿತ್ತು.

"ಬನ್ನಿ, ನೋಡಿ. ಇದು ಬಲಗಾಲು. ಪರವಾಗಿಲ್ಲ, ಸ್ವಲ್ಪ ಗ್ಯಾಪ್ ಇದೆ. ಇದು ನೋಡಿ ಎಡಗಾಲು. ಗ್ಯಾಪೇ ಇಲ್ಲ, ಮೂಳೆಗೆ ಮೂಳೆ ಕೂತುಬಿಟ್ಟಿದೆ. ಈ ಕಾಲಲ್ಲಿ ದಿನಾ ಮೂರು ಮಹಡಿ ಹೇಗೆ ಹತ್ತಿದೆ ಅಂತ ನಂಗೇ ಆಶ್ಚರ್ಯ ಆಗುತ್ತೆ."

"ಅದು ನಿಮ್ಮ ಕಾಲಲ್ಲ ಕಣ್ರೀ" ಎಂದೆ. "ನಂದು."

ನೀಲಮ್ಮ ಬಗ್ಗಿ ಮೂಲೆಯಲ್ಲಿದ್ದ ಹೆಸರು ಓದಿದರು. "ಹೌದು ಮೇಷ್ಟ್ರೇ. ವತ್ಸಲಾ ಅಂತಿದೆ."

ಯಜಮಾನರು ಫಿಲ್ಮನ್ನು ಕೆಳಗಿಳಿಸಲಿಲ್ಲ. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ, ಮೂಳೆಗೆ ಮೂಳೆ ಕೂತ ಆ ಜಾಗವನ್ನೇ ನೋಡುತ್ತಿದ್ದರು. ಆಮೇಲೆ ಹೊರಗಿನ ಮೆಟ್ಟಿಲನ್ನು ನೋಡಿದರು, ಕೆಳಗಿನಿಂದ ಮೇಲಿನವರೆಗೆ.

"ನೀನು ಹೇಳಲೇ ಇಲ್ವಲ್ಲೇ" ಎಂದರು.

"ಹೇಳಿದ್ದೆ" ಎಂದೆ.

ಜನ ಮೆಲ್ಲಗೆ ಹೊರಡಲು ನೋಡಿದರು. ಹಾಲುಕ್ಕಿದ ಮನೆಯಿಂದ ಬರಿಬಾಯಲ್ಲಿ ಹೋಗಬಾರದು ಎಂದು ನಾನೇ ತಡೆದೆ. ಹಾಲಿತ್ತು, ಸಕ್ಕರೆ ಇತ್ತು, ಲೋಟ ಇತ್ತು. ನೋಡಿದರೆ ಕಾಫಿ ಪುಡಿ ಮೇಲೆಯೇ ಉಳಿದಿತ್ತು. "ತರ್ತೀನಿ ಇರಿ" ಎಂದು ನಾನು ಅಭ್ಯಾಸಬಲದಿಂದ ಕುರ್ಚಿಯ ಕೈ ಹಿಡಿದೆ.

"ಕೂತ್ಕೋ" ಎಂದರು ಯಜಮಾನರು.

ಅವರು ಹತ್ತಿ ಹೋದರು. ಒಂದೊಂದು ಮಹಡಿಯಲ್ಲಿಯೂ ನಿಂತು "ಶಿವನೇ" ಎನ್ನುವುದು ಕೆಳಗೆ ಕೂತ ನಮಗೆಲ್ಲ ಕೇಳಿಸಿತು. ಈ ಸಲ ಅದನ್ನು ಯಾರೂ ಭಕ್ತಿ ಎಂದುಕೊಳ್ಳಲಿಲ್ಲ. ಸುಮಾರು ಹೊತ್ತಿನ ಮೇಲೆ ಮೇಲಿನಿಂದ ದನಿ ಬಂತು.

"ವತ್ಸಲಾ, ಯಾವ ಡಬ್ಬ?"

"ನೀಲಿ ಮುಚ್ಚಳದ್ದು."

ಅವರು ಹಿಂದಕ್ಕೆ ಇಳಿದು ಬಂದರು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದ ಡಬ್ಬ. ಸೀಟಿ ಊದಲಿಲ್ಲ. ಬೆವರಿದ ಮುಖದಲ್ಲಿ ಬಂದು ಡಬ್ಬವನ್ನು ನನ್ನ ಮುಂದೆ ಚಾಚಿದರು. ಇಷ್ಟು ವರ್ಷದಲ್ಲಿ ಅಡುಗೆಮನೆಯಿಂದ ಅವರು ನನಗೆ ತಂದುಕೊಟ್ಟ ಮೊದಲ ವಸ್ತು ಅದು. ಮುಚ್ಚಳ ತೆಗೆದು ನೋಡಿದೆ. ಸಾರಿನ ಪುಡಿ.

"ನೀಲಿ ಮುಚ್ಚಳ ಎರಡಿತ್ತು" ಎಂದರು ಅವರು.

ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಹಾಲೇ ಕುಡಿಯೋಣ ಬಿಡಿ ಮೇಷ್ಟ್ರೇ" ಎಂದರು ದೊಡ್ಡಹನುಮಯ್ಯ. ಯಜಮಾನರು ನನ್ನ ಮುಖ ನೋಡಿದರು, ನನ್ನ ಮಂಡಿ ನೋಡಿದರು, ಮತ್ತೆ ಮೆಟ್ಟಿಲ ಕಡೆ ತಿರುಗಿದರು.

ನಾನು ತಡೆಯಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎರಡೂ ಕಾಲು ಚಾಚಿ ಕೂತೆ.